ಪಿಎಚ್‌ಡಿ ಮಾಡುವವರು ಕಮ್ಮಟ, ಸಂಕಿರಣ ಅಂತ ತಿರುಗಬೇಕಾ?

ಪರ: ಶಿರಸಿಯಿಂದ

"ಮನೆಯಲ್ಲಿ ಕೂತು ಓದಿದರೆ ಸಾಲದಾ?" ಅಂತ ಅಪ್ಪಯ್ಯ ಕೇಳುತ್ತಿದ್ದರು. ನನ್ನ ವಿಷಯಕ್ಕೆ ಸಾಲುವುದಿಲ್ಲ.

ಶಿರಸಿ ಸುತ್ತಲಿನ ಹವ್ಯಕರ ಮನೆಗಳಲ್ಲಿ ತಿಗಳಾರಿ ಅನ್ನುವ ಹಳೇ ಲಿಪಿಯ ತಾಳೆಗರಿಗಳಿವೆ. ನಮ್ಮ ಅಟ್ಟದಲ್ಲೂ ಒಂದು ಕಟ್ಟು ಇತ್ತು. ಎರಡು ವರ್ಷ ಅದನ್ನು ಬಿಚ್ಚಿ ನೋಡುವುದು, ಮತ್ತೆ ಕಟ್ಟಿ ಇಡುವುದು, ಇಷ್ಟೇ ಆಗಿತ್ತು. ಆಮೇಲೆ ಹತ್ತು ದಿನದ ಲಿಪಿ ಕಮ್ಮಟಕ್ಕೆ ಹೋದೆ. ಮೊದಲ ದಿನವೇ ಕಲಿಸುವವರು ಒಂದು ಗರಿಗೆ ಮಸಿ ಸವರಿ, ಬಟ್ಟೆಯಿಂದ ಮೆತ್ತಗೆ ಒರೆಸಿದರು. ಬರೀ ಗೀರು ಕಾಣುತ್ತಿದ್ದಲ್ಲಿ ಕಪ್ಪಗೆ ಅಕ್ಷರ ಎದ್ದು ಬಂತು. ಕಂಟದಿಂದ, ಅಂದರೆ ಗರಿಯ ಮೇಲೆ ಬರೆಯುವ ಚೂಪಾದ ಕಬ್ಬಿಣದ ಕಡ್ಡಿಯಿಂದ, ಕೊರೆದ ಗೆರೆಯೊಳಗೆ ಮಸಿ ನಿಲ್ಲುತ್ತದೆ, ಮೇಲಿನದು ಹೋಗುತ್ತದೆ. ಇದನ್ನು ಪುಸ್ತಕದಲ್ಲಿ ಓದಿದ್ದೆ. ಆದರೆ ಎಷ್ಟು ಒತ್ತಬೇಕು, ಹಳೇ ಗರಿಯನ್ನು ಹೇಗೆ ಹಿಡಿದರೆ ಮುರಿಯುವುದಿಲ್ಲ ಅನ್ನುವುದನ್ನು ಇನ್ನೊಬ್ಬರ ಕೈ ನೋಡಿಯೇ ಕಲಿಯಬೇಕು.

ಅಲ್ಲೇ ಚಹಾದ ಹೊತ್ತಿನಲ್ಲಿ ಇತಿಹಾಸದ ಒಬ್ಬ ಸಂಶೋಧಕಿ ಹೇಳಿದರು: "ನಿಮ್ಮ ಜಿಲ್ಲೆ 1862ರಿಂದ 1956ರವರೆಗೆ ಮುಂಬೈ ಆಡಳಿತದಲ್ಲಿತ್ತು ಅಲ್ವಾ? ಹಳೇ ಕಡತಗಳನ್ನು ಅಲ್ಲಿಯ ಪತ್ರಾಗಾರದಲ್ಲೂ ಹುಡುಕಿ." ಇಷ್ಟು ಹೇಳುವವರು ನನಗೆ ಊರಲ್ಲಿ ಸಿಕ್ಕಿರಲಿಲ್ಲ. ದೊಡ್ಡ ವಿಶ್ವವಿದ್ಯಾಲಯದಲ್ಲಿ ಇರುವವರಿಗೆ ಇಂಥವರು ಕ್ಯಾಂಟೀನಿನಲ್ಲೇ ಸಿಗುತ್ತಾರೆ. ನಾವು ಬಸ್ಸು ಹತ್ತಬೇಕು.

ವಿರೋಧ: ಕಾರವಾರದಿಂದ

ಲಿಪಿ ಕಲಿಸುವ ಕಮ್ಮಟದ ಬಗ್ಗೆ ನನ್ನ ತಕರಾರಿಲ್ಲ. ಆದರೆ ನಾವು ಜಾಸ್ತಿ ಹೋಗುವುದು ಅಂಥದ್ದಕ್ಕಲ್ಲ.

ನನ್ನ ಕೆಲಸ ಅಂಕೋಲೆ ಕಡೆಯ ಹಾಲಕ್ಕಿ ಸಮುದಾಯದವರ ಹಾಡುಗಳ ಮೇಲೆ. ಕಳೆದ ಮಳೆಗಾಲ ಒಂದು ಸಂಕಿರಣಕ್ಕೆ ಅಂತ ಅರಬೈಲು ಘಟ್ಟ ಹತ್ತಿ ಹೋದೆ. ನೋಂದಣಿ 1,500 ರೂಪಾಯಿ. ಉದ್ಘಾಟನೆ, ಸನ್ಮಾನ, ಊಟ ಮುಗಿಯುವಾಗ ಮೂರು ಗಂಟೆ. ಮೂರು ಕೋಣೆಗಳಲ್ಲಿ ಒಟ್ಟಿಗೇ ಗೋಷ್ಠಿ. ನನಗೆ ಸಿಕ್ಕಿದ್ದು ಐದು ನಿಮಿಷ. ಒಂದು ಹಾಡಿನ ಎರಡನೇ ಸಾಲಿಗೆ ಬಂದಿದ್ದೆ, "ಬೇಗ ಮುಗಿಸಿ" ಅಂತ ಚೀಟಿ ಬಂತು. ಎದುರಿಗೆ ಏಳು ಜನ, ಎಲ್ಲರೂ ತಮ್ಮ ಸರದಿಗೆ ಕಾಯುತ್ತಿದ್ದವರು. ಒಬ್ಬರೂ ಪ್ರಶ್ನೆ ಕೇಳಲಿಲ್ಲ. ಸಂಜೆ ಸರ್ಟಿಫಿಕೇಟ್ ಕೊಟ್ಟರು.

ಯುಜಿಸಿಯ (ವಿಶ್ವವಿದ್ಯಾಲಯ ಧನಸಹಾಯ ಆಯೋಗ) 2016ರ ನಿಯಮದಲ್ಲಿ ಪ್ರಬಂಧ ಸಲ್ಲಿಸುವ ಮುಂಚೆ ಎರಡು ಕಡೆ ಪೇಪರ್ ಓದಲೇಬೇಕಿತ್ತು. 2022ರ ನಿಯಮದಲ್ಲಿ ಆ ಕಡ್ಡಾಯ ಇಲ್ಲ. ಆದರೂ ನಮ್ಮ ಓಟ ನಿಂತಿಲ್ಲ. ಜೆಆರ್‌ಎಫ್ (ಸಂಶೋಧನೆಗೆ ಕೊಡುವ ಫೆಲೋಶಿಪ್) ಇದ್ದವರು ಹೇಗೋ ಖರ್ಚು ಹೊರುತ್ತಾರೆ. ಪಾಠ ಮಾಡಿಕೊಂಡು ಪಿಎಚ್‌ಡಿ ಮಾಡುವವರು ಏನು ಮಾಡಬೇಕು?

ದುಡ್ಡಿಗಿಂತ ನನಗೆ ಹೆಚ್ಚು ನೋಯುವುದು ಕಳೆದುಹೋದ ದಿನಗಳು. 2017ರಲ್ಲಿ ಪದ್ಮಶ್ರೀ ಪಡೆದ ಹಾಲಕ್ಕಿ ಹಾಡುಗಾರ್ತಿ ಸುಕ್ರಿ ಬೊಮ್ಮಗೌಡರು 2025ರ ಫೆಬ್ರುವರಿಯಲ್ಲಿ ತೀರಿಕೊಂಡರು. ಎಷ್ಟೊಂದು ಹಾಡು ಅವರ ಬಾಯಲ್ಲೇ ಇದ್ದವು. ನಮ್ಮ ಕೆಲಸಕ್ಕೆ ಇರುವ ಗಡುವು ಅದು, ಯುಜಿಸಿಯದ್ದಲ್ಲ.

ಆ ಸಂಕಿರಣದ ವಾರವೇ ಒಬ್ಬ ಅಜ್ಜಿ ಗದ್ದೆಗೆ ಬರಲು ಹೇಳಿದ್ದರು. ನಾಟಿ ಮಾಡುವಾಗ ಹೆಂಗಸರು ಸಾಲಾಗಿ ಬಗ್ಗಿ, ಒಬ್ಬರು ಎತ್ತಿಕೊಟ್ಟ ಸಾಲನ್ನು ಉಳಿದವರು ಹಿಡಿಯುತ್ತಾರೆ. ಮನೆ ಜಗಲಿಯಲ್ಲಿ ಕೂರಿಸಿ ಹಾಡಿಸಿದರೆ ಆ ಲಯ ಬರುವುದಿಲ್ಲ. ನಾನು ವಾಪಸ್ ಬಂದು ಹೋದಾಗ ಗದ್ದೆ ಪೂರ್ತಿ ಹಸಿರಾಗಿತ್ತು. "ಮೊನ್ನೆಯೇ ಮುಗೀತಲ್ಲ ಮಗಾ" ಅಂದರು ಅಜ್ಜಿ.