ಬೋಲ್ಟನ್ ಮ್ಯೂಸಿಯಂನ ಈಜಿಪ್ಟ್: ಚಂದಾದಿಂದ ಬಂದದ್ದು, ಹಣ ತೆತ್ತು ಕೊಂಡದ್ದು

ಇಂಗ್ಲೆಂಡಿನ ಮ್ಯಾಂಚೆಸ್ಟರ್ ಬಳಿಯ ಬೋಲ್ಟನ್, ಹತ್ತಿಗಿರಣಿಗಳಿಂದ ಬೆಳೆದ ಊರು. ಅಲ್ಲಿನ ಮ್ಯೂಸಿಯಂನಲ್ಲಿ ಪ್ರಾಚೀನ ಈಜಿಪ್ಟಿನ ಸುಮಾರು 12,000 ವಸ್ತುಗಳಿವೆ. ಅವು ಅಲ್ಲಿಗೆ ಬಂದ ಬಗೆಯನ್ನು ತಿಳಿದಷ್ಟೂ, ಪ್ರಾಚೀನ ವಸ್ತುವಿನ ಬೆಲೆ ಅದರ ಅಂದದಲ್ಲಿಲ್ಲ, ಸಿಕ್ಕ ಜಾಗದ ದಾಖಲೆಯಲ್ಲಿದೆ ಎಂಬ ನನ್ನ ನಂಬಿಕೆ ಗಟ್ಟಿಯಾಗಿದೆ.

1882ರಲ್ಲಿ ಲೇಖಕಿ ಅಮೆಲಿಯಾ ಎಡ್ವರ್ಡ್ಸ್ ಮತ್ತು ಸಂಗಡಿಗರು ಲಂಡನ್ನಿನಲ್ಲಿ ಈಜಿಪ್ಟ್ ಉತ್ಖನನ ನಿಧಿಯನ್ನು ಸ್ಥಾಪಿಸಿದರು. ಅಗೆತದ ಖರ್ಚು ಸಾರ್ವಜನಿಕರ ಚಂದಾದಿಂದ ನಡೆಯುತ್ತಿತ್ತು; ಸಿಕ್ಕಿದ್ದರಲ್ಲಿ ಈಜಿಪ್ಟಿನ ಪುರಾತತ್ತ್ವ ಇಲಾಖೆ ತನಗೆ ಬೇಕಾದುದನ್ನು ಉಳಿಸಿಕೊಂಡ ಮೇಲೆ ಮಿಕ್ಕದ್ದು ಚಂದಾ ಕೊಟ್ಟ ಊರುಗಳ ಮ್ಯೂಸಿಯಂಗಳಿಗೆ ಹಂಚಿಕೆಯಾಗುತ್ತಿತ್ತು. ಬೋಲ್ಟನ್ನಿನಲ್ಲಿ ಈ ನಿಧಿಯ ಸ್ಥಳೀಯ ಕಾರ್ಯದರ್ಶಿಯಾಗಿ ದುಡಿದವರು ಗಿರಣಿ ಮಾಲೀಕರ ಮಗಳು ಆನಿ ಬಾರ್ಲೊ. ಅವರ ಶ್ರದ್ಧೆಯಿಂದಲೇ 1884ರಲ್ಲಿ ತೆರೆದ ಅಲ್ಲಿನ ಚಾಡ್ವಿಕ್ ಮ್ಯೂಸಿಯಂಗೆ (ಇಂದಿನ ಬೋಲ್ಟನ್ ಮ್ಯೂಸಿಯಂನ ಪೂರ್ವರೂಪ) ಈಜಿಪ್ಟಿನ ವಸ್ತುಗಳು ಬರತೊಡಗಿದವು.

ಊರಿನ ಕಸುಬೂ ಸಂಗ್ರಹಕ್ಕೆ ತನ್ನ ಗುರುತನ್ನು ಕೊಟ್ಟಿತು. ಮ್ಯೂಸಿಯಂನ ಮೇಲ್ವಿಚಾರಕ ವಿಲಿಯಂ ಮಿಜ್ಲಿ ಮತ್ತು ಅವರ ಮಗ ಥಾಮಸ್, ಬೇರೆಯವರು ಚಿಂದಿಯೆಂದು ಕಡೆಗಣಿಸಬಹುದಾಗಿದ್ದ ಅಗಸೆನಾರಿನ ಬಟ್ಟೆಯ ತುಣುಕುಗಳನ್ನು ಎತ್ತಿಕೊಂಡು, ಒಂದಂಗುಲಕ್ಕೆ ಹಾಸಿನ ಎಳೆ ಎಷ್ಟು, ಹೊಕ್ಕಿನ ಎಳೆ ಎಷ್ಟು, ನೂಲನ್ನು ಹೊಸೆದದ್ದು ಹೇಗೆ ಎಂದು ಪರೀಕ್ಷಿಸಿ ಬರೆದಿಟ್ಟರು. ಯಾವ ಊರಿನ ಯಾವ ಗೋರಿಯ ಬಟ್ಟೆ ಎಂಬುದು ಗೊತ್ತಿದ್ದುದರಿಂದಲೇ ಆ ಎಣಿಕೆಗೆ ಅರ್ಥ ಬಂದಿತು.

ಇದೇ ಮ್ಯೂಸಿಯಂ 2003ರಲ್ಲಿ ‘ಅಮರ್ನಾ ರಾಜಕುಮಾರಿ’ (ಅಮರ್ನಾ ಪ್ರಾಚೀನ ಈಜಿಪ್ಟಿನ ಒಂದು ರಾಜಧಾನಿ) ಎಂಬ, ಅಲಬಾಸ್ಟರ್ ಎಂಬ ಮೃದು ಕಲ್ಲಿನ ಪುಟ್ಟ ವಿಗ್ರಹವನ್ನು ಸುಮಾರು 4,40,000 ಪೌಂಡ್ ತೆತ್ತು ಕೊಂಡಿತು. ಅದಕ್ಕೆ ಉತ್ಖನನದ ದಾಖಲೆಯಿರಲಿಲ್ಲ. ಇದ್ದದ್ದು 1892ರ ಹರಾಜು ಪಟ್ಟಿಯೊಂದರ ಆಧಾರದ ಮೇಲೆ ಕಟ್ಟಿದ ಕಥೆ. ಪರಿಣತರೂ ಅಸಲಿಯೆಂದಿದ್ದ ಆ ವಿಗ್ರಹ ನಕಲಿಯಾಗಿತ್ತು; ಅದನ್ನು ಕೆತ್ತಿದವನು ಬೋಲ್ಟನ್ನಿನವನೇ ಆದ ಶಾನ್ ಗ್ರೀನ್‌ಹಾಲ್ಜ್. 2007ರಲ್ಲಿ ಅವನಿಗೆ ಜೈಲುಶಿಕ್ಷೆಯಾಯಿತು. ಗೋರಿಯ ಬಟ್ಟೆಯ ತುಣುಕಿಗೆ ಹೀಗೆ ಮೋಸಹೋಗುವ ಭಯವೇ ಇರಲಿಲ್ಲ.

ಹಾಗೆಂದು ಚಂದಾ ಪದ್ಧತಿಯನ್ನು ನಿಷ್ಕಳಂಕವೆನ್ನಲಾರೆ. ಬ್ರಿಟಿಷ್ ಸೈನ್ಯ ಬೀಡುಬಿಟ್ಟಿದ್ದ ದೇಶದಲ್ಲಿ ನಡೆದ ಹಂಚಿಕೆಯನ್ನು ಸರಿಸಮಾನರ ಒಪ್ಪಂದವೆಂದು ಕರೆಯುವುದು ಕಷ್ಟ. ಬಿಸಿಲಲ್ಲಿ ಮಣ್ಣು ಬಗೆದವರು ಈಜಿಪ್ಟಿನ ಕೂಲಿಕಾರರು. ಉತ್ಖನನಕಾರ ಫ್ಲಿಂಡರ್ಸ್ ಪೆಟ್ರಿಯ ಟಿಪ್ಪಣಿ ಪುಸ್ತಕಗಳಲ್ಲಿ ಅವರಲ್ಲಿ ಅನೇಕರ ಹೆಸರುಗಳಿವೆ. ದಾನಿಯ ಹೆಸರನ್ನು ಬರೆಯುವ ಫಲಕದಲ್ಲೇ, ಗೊತ್ತಿರುವ ಕಡೆಯಲ್ಲೆಲ್ಲ, ಅಗೆದವರ ಹೆಸರನ್ನೂ ಮ್ಯೂಸಿಯಂಗಳು ಬರೆಯಬೇಕು.