ಪಾತಾಳ ಕಂಡ ಕಲ್ಲು, ನೆಲ ಕಂಡ ನಾನು

ನನ್ನ ಕ್ಷೇತ್ರಕಾರ್ಯದ ಟಿಪ್ಪಣಿ ಪುಸ್ತಕದ ಮೂರನೇ ಪುಟದಲ್ಲಿ ಒಂದು ಅರ್ಧ ವಾಕ್ಯವಿದೆ: ‘ಇದು ಜಾರುತ್ತದೆ, ಜೋಪಾ’. ಅಲ್ಲಿಂದ ಪೆನ್ಸಿಲ್ ಗೆರೆಯೊಂದು ಓರೆಯಾಗಿ ಇಳಿದು ಪುಟದ ಅಂಚನ್ನೇ ದಾಟಿಹೋಗಿದೆ.

‘ಇದು’ ಎಂದರೆ ಸರ್ಪೆಂಟಿನೈಟ್ ಎಂಬ ಕಲ್ಲು. ಹಾವಿನ ಚರ್ಮದಂಥ ಹಸಿರು, ಸಾಬೂನಿನಂಥ ನುಣುಪು. ಮೇಷ್ಟರು ಕೊಟ್ಟ ಎಚ್ಚರಿಕೆಯನ್ನು ಶ್ರದ್ಧೆಯಿಂದ ಬರೆದುಕೊಳ್ಳುತ್ತಿದ್ದಾಗಲೇ ಜಾರಿದೆ. ಸಹಪಾಠಿಯೊಬ್ಬ ಆಮೇಲೆ ಆ ಗೆರೆಯ ಓರೆಯನ್ನು ಅಳೆದು, ನಲವತ್ತೈದು ಡಿಗ್ರಿ, ಎಷ್ಟೋ ಭೂಫಲಕಗಳು ಇಳಿಯುವುದೂ ಹೆಚ್ಚುಕಡಿಮೆ ಹೀಗೆಯೇ ಎಂದು ಸಮಾಧಾನ ಹೇಳಿದ.

ನಾವು ಅಂದು ಹುಡುಕುತ್ತಿದ್ದದ್ದು ಅಂಥ ಪ್ರಯಾಣಿಕರನ್ನೇ. ಒಂದು ಫಲಕ ಇನ್ನೊಂದರ ಅಡಿಗೆ ನುಸುಳುವಾಗ ಸಾಗರತಳದ ಬಸಾಲ್ಟ್ ಕೂಡ ಪಾತಾಳಕ್ಕಿಳಿಯುತ್ತದೆ. ಇಳಿಯುವ ಫಲಕ ತಣ್ಣಗಿರುವುದರಿಂದ ಅಲ್ಲಿ ಒತ್ತಡ ವಿಪರೀತ, ಬಿಸಿ ಮಾತ್ರ ಆ ಆಳಕ್ಕೆ ತಕ್ಕಷ್ಟಿಲ್ಲ. ಹಾಗಾಗಿ ಆ ಕಪ್ಪು ಕಲ್ಲಿನಲ್ಲಿ ಗ್ಲಾಕೋಫೇನ್ ಎಂಬ ನೀಲಿ ಖನಿಜ ಹುಟ್ಟಿ ಅದು ನೀಲಿ ಶಿಸ್ಟ್ ಆಗುತ್ತದೆ. ಇನ್ನೂ ಆಳಕ್ಕೆ ಹೋದರೆ ಹಸಿರು ಮೈಗೆ ಕೆಂಪು ಗಾರ್ನೆಟ್ ಪೋಣಿಸಿಕೊಂಡ ಎಕ್ಲೊಗೈಟ್. ಇಷ್ಟೆಲ್ಲ ಅನುಭವಿಸಿದ ಮೇಲೂ ಕೆಲವು ಮೇಲೆದ್ದು ಬಂದಿವೆ. ನನ್ನನ್ನು ಆರಡಿ ಆಳದಿಂದ ಎತ್ತಲು ಮೂವರು ಬೇಕಾದರು.

ಮುಂದಿನ ಅವಮಾನ ದಿಕ್ಸೂಚಿಯದು. ಒಂದೇ ಬಂಡೆಗೆ ನನ್ನ ಐದು ಅಳತೆ, ಐದು ದಿಕ್ಕು. ಕಾರಣ ನನಗೆ ಗೊತ್ತಿತ್ತು. ಸರ್ಪೆಂಟಿನೈಟಿನಲ್ಲಿ ಮ್ಯಾಗ್ನಟೈಟ್ ಎಂಬ ಕಾಂತೀಯ ಖನಿಜ ಇರುತ್ತದೆ, ಅದು ಮುಳ್ಳನ್ನು ಎಳೆಯುತ್ತದೆ ಎಂದು ಗುಂಪಿಗೆಲ್ಲ ವಿವರಿಸಿದೆ. ಮೇಷ್ಟರು ಪೂರ್ತಿ ಕೇಳಿಸಿಕೊಂಡು, ಏನೂ ಹೇಳದೆ, ನನ್ನ ಎಡಗೈಯಲ್ಲಿದ್ದ ಸುತ್ತಿಗೆಯನ್ನು ತೆಗೆದುಕೊಂಡು ಹತ್ತು ಹೆಜ್ಜೆ ಆಚೆ ಹೋದರು. ಮುಳ್ಳು ತೆಪ್ಪಗೆ ಉತ್ತರಕ್ಕೆ ತಿರುಗಿತು.

ಎಕ್ಲೊಗೈಟ್ ಸಂಜೆಗೆ ಸಿಕ್ಕಿತು. ಹೊಡೆದರೆ ಸುತ್ತಿಗೆಯೇ ಪುಟಿಯುತ್ತಿತ್ತು, ಕಲ್ಲು ಕದಲಲಿಲ್ಲ. ಕೊನೆಗೆ, ಮೊದಲೇ ಕಳಚಿ ಬಿದ್ದಿದ್ದ ತೆಂಗಿನಕಾಯಿ ಗಾತ್ರದ ಒಂದು ಗುಂಡನ್ನು ಚೀಲಕ್ಕೆ ಹಾಕಿದೆ. ಘನ ಸೆಂಟಿಮೀಟರಿಗೆ ಸುಮಾರು 3.5 ಗ್ರಾಂ. ಈ ಭಾರವೂ ಸೇರಿಯೇ ಫಲಕವನ್ನು ಕೆಳಕ್ಕೆಳೆಯುತ್ತದೆ ಎಂದು ಪುಸ್ತಕದಲ್ಲಿ ಓದಿದ್ದೆ. ಅಂದು ಮರಳುವ ದಾರಿಯುದ್ದಕ್ಕೂ ಆ ಪಾಠವನ್ನು ನನ್ನ ಭುಜಗಳು ಮನನ ಮಾಡಿದವು.

ಪ್ರಯೋಗಾಲಯದಲ್ಲಿ ಸೂಕ್ಷ್ಮದರ್ಶಕಕ್ಕೆ ಬೇಕಾದದ್ದು 0.03 ಮಿಲಿಮೀಟರ್ ದಪ್ಪದ ಒಂದು ಹಾಳೆ. ಉಳಿದ ಅಷ್ಟೂ ಕಲ್ಲು ಈಗ ನನ್ನ ಕೋಣೆಯ ಬಾಗಿಲಿಗೆ ಒತ್ತಾಗಿ ಕುಳಿತಿದೆ. ನಿನ್ನೆ ಕತ್ತಲಲ್ಲಿ ಅದಕ್ಕೇ ಎಡವಿದೆ.