ಗಂಟೆಗೆ ಐನೂರು

ಮಗಳಿಗೆ ಗಣಿತದ ಟ್ಯೂಷನ್ ಬೇಕೇ ಬೇಕು ಅಂತ ತೀರ್ಮಾನವಾದದ್ದು ಒಂದು ಶನಿವಾರ ರಾತ್ರಿ, ನಮ್ಮ ಮನೆಯಲ್ಲಿ ಏನೋ ಅನಾಹುತವಾಗಿದೆ ಅಂತ ಪಕ್ಕದ ಮನೆಯವರು ಕಿಟಕಿ ತೆಗೆದು ನೋಡಿದ ಮೇಲೆ. ಏನೂ ಆಗಿರಲಿಲ್ಲ. ನಾನು ಅವಳಿಗೆ ಪಾಲಿನೋಮಿಯಲ್ ಹೇಳಿಕೊಡುತ್ತಿದ್ದೆ, ಅಷ್ಟೆ.

ನಾನು ಲೆಕ್ಕದವನು. ಬಿ.ಕಾಂ. ಓದಿ, ಅಕೌಂಟ್ಸ್ ವಿಭಾಗದ ಕುರ್ಚಿಯಲ್ಲಿ ಇಪ್ಪತ್ತು ವರ್ಷ ಸವೆಸಿದವನು. ಒಂಬತ್ತನೇ ಕ್ಲಾಸಿನ ಲೆಕ್ಕಕ್ಕೆ ಹೊರಗಿನವರಿಗೆ ದುಡ್ಡು ಕೊಡೋದಾ ಅಂತ ಮೊದಮೊದಲು ಜಂಬ ಕೊಚ್ಚಿಕೊಂಡಿದ್ದೆ. ಮೊದಲನೇ ದಿನ ಚೆನ್ನಾಗಿತ್ತು. ಎರಡನೇ ದಿನ ಅವಳು ‘ಅಪ್ಪಾ, ನಮ್ಮ ಸ್ಕೂಲಲ್ಲಿ ಹೀಗೆ ಮಾಡಲ್ಲ’ ಎಂದಳು. ಮೂರನೇ ದಿನ ನಾನು ‘ಇಷ್ಟೂ ಗೊತ್ತಾಗಲ್ವಾ ನಿಂಗೆ’ ಎಂದೆ. ಈ ಒಂದು ಮಾತು ಬಾಯಿಂದ ಹೊರಬಿದ್ದರೆ ಮುಗಿಯಿತು, ಆಮೇಲೆ ಅಲ್ಲಿ ನಡೆಯೋದು ಗಣಿತ ಅಲ್ಲ. ನಾಲ್ಕನೇ ದಿನ ಅವಳಿಗೆ ಹೊಟ್ಟೆನೋವು, ಐದನೇ ದಿನ ನನಗೇ ತಲೆನೋವು. ಆರನೇ ದಿನದ್ದೇ ಆ ಕಿಟಕಿ ಪ್ರಸಂಗ. ಮೈನಸ್ ಇಂಟು ಮೈನಸ್ ಪ್ಲಸ್ ಯಾಕಾಗುತ್ತೆ ಅಂತ ಕೇಳಿದ್ದಳು. ಆಗುತ್ತೆ ಅಷ್ಟೇ ಅಂದಿದ್ದೆ. ಯಾಕೆ ಅಂತ ಮತ್ತೆ ಕೇಳಿದ್ದಳು. ನನಗೂ ಗೊತ್ತಿರಲಿಲ್ಲ ಅನ್ನೋದು ಅವತ್ತು ನನಗೆ ಗೊತ್ತಾಯಿತು, ಅದು ಗೊತ್ತಾದ ಸಿಟ್ಟಿಗೆ ದನಿ ಏರಿತು.

ಹೆಂಡತಿ ಪುಸ್ತಕ ಮುಚ್ಚಿದಳು. ‘ನಾಳೆ ಯಾರನ್ನಾದರೂ ವಿಚಾರಿಸಿ’ ಎಂದಳು.

ಮೊದಲು ವಿಚಾರಿಸಿದ್ದು ಮಗಳ ಶಾಲೆಯ ಮೇಷ್ಟ್ರನ್ನೇ. ಅವರು ಗಂಭೀರವಾಗಿ ತಲೆಯಾಡಿಸಿ, ನಾವು ಮನೆಪಾಠ ಮಾಡೋ ಹಾಗಿಲ್ಲ ಸಾರ್, ಕಾನೂನು ಎಂದರು. ನಿಜವೇ. 2009ರ ಶಿಕ್ಷಣ ಹಕ್ಕು ಕಾಯ್ದೆಯ 28ನೇ ಸೆಕ್ಷನ್ನಿನಲ್ಲಿ, ಶಿಕ್ಷಕರು ಖಾಸಗಿ ಟ್ಯೂಷನ್ ಮಾಡಬಾರದು ಅಂತ ಸ್ಪಷ್ಟವಾಗಿ ಬರೆದಿದೆ. ಇಂಥ ಪ್ರಾಮಾಣಿಕರೂ ಇದ್ದಾರಲ್ಲ ಅಂತ ಕೈಮುಗಿದು ಎದ್ದೆ. ಗೇಟಿನ ತನಕ ಕಳಿಸಲು ಬಂದವರು ತಮ್ಮ ಭಾವಮೈದುನನ ನಂಬರ್ ಕೊಟ್ಟರು.

ಆಮೇಲೆ ಒಂದು ಕೋಚಿಂಗ್ ಸೆಂಟರಿಗೆ ಹೋದೆ. ಎ.ಸಿ. ಇತ್ತು, ಸೋಫಾ ಇತ್ತು, ಗೋಡೆ ತುಂಬ ಹಲ್ಲು ಕಿರಿದ ಮಕ್ಕಳ ಫೋಟೊ ಇತ್ತು. ‘ಫೌಂಡೇಶನ್ ಕೋರ್ಸ್ ಸಾರ್, ಎರಡು ವರ್ಷದ ಪ್ಯಾಕೇಜ್, ಒಂದು ಲಕ್ಷದ ಇಪ್ಪತ್ತು ಸಾವಿರ, ಪ್ಲಸ್ ಜಿ.ಎಸ್.ಟಿ.’ ಎಂದಳು ಕೌಂಟರಿನ ಹುಡುಗಿ. ಶಾಲೆಯ ಪಾಠಕ್ಕೆ ಜಿ.ಎಸ್.ಟಿ. ಇಲ್ಲ, ಆದರೆ ಅದೇ ಪಾಠವನ್ನು ಸಾಯಂಕಾಲ ಕೋಚಿಂಗ್ ಸೆಂಟರಿನಲ್ಲಿ ಹೇಳಿಸಿಕೊಂಡರೆ ನೂರಕ್ಕೆ 18. ಬೆಳಗ್ಗೆ ಅರ್ಥವಾಗದ್ದಕ್ಕೆ ದಂಡ ಅಂತ ಇಟ್ಟುಕೊಳ್ಳಿ. ಕೋಚಿಂಗ್ ಸೆಂಟರುಗಳು 16 ವರ್ಷದೊಳಗಿನವರನ್ನು ಸೇರಿಸಿಕೊಳ್ಳಬಾರದು ಅಂತ ಕೇಂದ್ರ ಸರ್ಕಾರ 2024ರ ಜನವರಿಯಲ್ಲಿ ಮಾರ್ಗಸೂಚಿ ಹೊರಡಿಸಿದ್ದು ನನಗೆ ನೆನಪಿತ್ತು. ನನ್ನ ಮಗಳಿಗೆ 14. ಆ ಹುಡುಗಿ ವಯಸ್ಸು ಕೇಳಲೇ ಇಲ್ಲ, ಫೋನ್ ನಂಬರ್ ಕೇಳಿದಳು. ಕೊಟ್ಟುಬಿಟ್ಟೆ, ಅದು ನನ್ನ ತಪ್ಪು. ಇವತ್ತಿಗೂ ಊಟಕ್ಕೆ ಕೂತಾಗ ಅಲ್ಲಿಂದ ಫೋನ್ ಬರುತ್ತದೆ.

ಕೊನೆಗೆ ಸಿಕ್ಕಿದ್ದು ಹಾಲಿನ ಬೂತಿನವನ ಮೂಲಕ. ಎಂ.ಎಸ್ಸಿ. ಮಾಡಿದ ಹೆಣ್ಣುಮಗಳು, ಸುಂಕದಕಟ್ಟೆಯಿಂದ ಸ್ಕೂಟರಿನಲ್ಲಿ ರಾಜಾಜಿನಗರಕ್ಕೆ ಬಂದು ಮೂರು ನಾಲ್ಕು ಮನೆಗೆ ಪಾಠ ಹೇಳುತ್ತಾರೆ ಅಂತ ಗೊತ್ತಾಯಿತು. ಮನೆಗೆ ಕರೆದೆವು. ಕಾಫಿ ಕೊಟ್ಟೆವು. ಮಳೆ, ಟ್ರಾಫಿಕ್, ಮೆಟ್ರೊ, ಈಗಿನ ಸಿಲಬಸ್ಸು ಎಲ್ಲ ಮಾತಾಡಿದೆವು. ಯಾರೂ ಆ ಒಂದು ಮಾತು ಎತ್ತಲಿಲ್ಲ. ತರಕಾರಿಯವನ ಹತ್ತಿರ ಕೊತ್ತಂಬರಿ ಸೊಪ್ಪಿಗೆ ಐದು ರೂಪಾಯಿ ಚೌಕಾಸಿ ಮಾಡುವ ನಾವು, ಪಾಠ ಹೇಳುವವರ ಮುಂದೆ ದುಡ್ಡಿನ ಮಾತೆತ್ತಲು ಯಾಕೆ ಇಷ್ಟು ತಡವರಿಸುತ್ತೇವೋ. ಕೊನೆಗೆ ಕಾಫಿ ಲೋಟ ಕೆಳಗಿಟ್ಟು, ‘ಮತ್ತೆ ನಿಮ್ಮದು...’ ಅಂತ ಎಳೆದೆ. ಅವರು ‘ನೀವೇ ನೋಡಿ ಕೊಡಿ ಸಾರ್’ ಎಂದರು.

ಎದೆ ಧಸಕ್ಕೆಂದಿತು. ಕನ್ನಡದಲ್ಲಿ ಇದಕ್ಕಿಂತ ದುಬಾರಿ ಮಾತಿಲ್ಲ. ಪುರೋಹಿತರು ಅಂದರೂ ಅಷ್ಟೆ, ನಾದಸ್ವರದವರು ಅಂದರೂ ಅಷ್ಟೆ. ನಾನು ಮನಸ್ಸಿನಲ್ಲಿ ಮುನ್ನೂರು ಅಂದುಕೊಂಡಿದ್ದೆ. ಬಾಯಿ ತೆರೆಯುವ ಮೊದಲೇ ಹೆಂಡತಿ ‘ಗಂಟೆಗೆ ಐನೂರು ಆಗಬಹುದಾ ಮಿಸ್’ ಎಂದಳು. ವಾರಕ್ಕೆ ಮೂರು ದಿನ, ತಿಂಗಳಿಗೆ 12 ಕ್ಲಾಸು, 6,000 ರೂಪಾಯಿ. ಅವರು ಸರಿ ಎಂದು ಬ್ಯಾಗಿನಿಂದ ಪುಟ್ಟ ನೋಟ್‌ಬುಕ್ ತೆಗೆದು ಮಗಳ ಹೆಸರು ಬರೆದು ಅಡಿಗೆರೆ ಎಳೆದರು. ಸ್ಕೇಲ್ ಇಟ್ಟು ಎಳೆದರು. ಅದನ್ನು ನೋಡಿಯೇ ನನಗೆ ಗೌರವ ಬಂತು.

ನಾನು ಟ್ಯೂಷನ್ನಿಗೆ ಹೋದದ್ದು ತಿಪಟೂರಿನ ಹತ್ತಿರದ ನಮ್ಮ ಹಳ್ಳಿಯಲ್ಲಿ, ಮೇಷ್ಟ್ರ ಮನೆಯ ಪಡಸಾಲೆಯಲ್ಲಿ, 1990ರ ಆಸುಪಾಸು. ಹದಿನಾಲ್ಕು ಹುಡುಗರು, ಕರೆಂಟು ಹೋದರೆ ಎರಡು ಲಾಟೀನು. ತಿಂಗಳಿಗೆ ಮೂವತ್ತು ರೂಪಾಯಿ ಅಂತ ಲೆಕ್ಕ, ಆದರೆ ನಮ್ಮಪ್ಪ ನಗದು ಕೊಟ್ಟದ್ದನ್ನು ನಾನು ನೋಡಲಿಲ್ಲ. ಕಾಯಿ ಕೆಡವಿದಾಗ ಒಂದು ಚೀಲ ತೆಂಗಿನಕಾಯಿ, ಅವರೆಕಾಯಿ ಕಾಲಕ್ಕೆ ಅವರೆಕಾಯಿ. ತಿಪಟೂರು ಸೀಮೆಯಲ್ಲಿ ತೆಂಗೇ ರೊಕ್ಕ ತಾನೆ. ಕೊಬ್ಬರಿ ರೇಟು ಬಿದ್ದ ವರ್ಷ ಅಪ್ಪ ಸುಮ್ಮನಾದರು, ಮೇಷ್ಟ್ರೂ ಸುಮ್ಮನಾದರು. ನಾನು ಮಾತ್ರ ಎಂದಿನಂತೆ ಹೋಗಿ ಎಂದಿನಂತೆ ಕಿವಿ ಹಿಂಡಿಸಿಕೊಂಡು ಬಂದೆ. ತಾತನ ಕಾಲಕ್ಕೆ ಹೋದರೆ ಅದು ಕೂಲಿಮಠ. ಐಗಳು ಮರಳಿನ ಮೇಲೆ ಬೆರಳಿಡಿಸಿ ಅಕ್ಷರ ತಿದ್ದಿಸುತ್ತಿದ್ದರು, ಮನೆಯವರು ದವಸ ಅಳೆದು ಕೊಡುತ್ತಿದ್ದರು. ಕೂಲಿ ಅನ್ನುವ ಮಾತು ಮಠದ ಹೆಸರಲ್ಲೇ ಇತ್ತು, ನೋಡಿ. ಆಗಿನವರಿಗೆ ಈ ವಿಷಯದಲ್ಲಿ ನಮ್ಮಷ್ಟು ನಾಚಿಕೆ ಇದ್ದಂತಿಲ್ಲ.

ಇರಲಿ. ಮಿಸ್ ಬರಲು ಶುರುಮಾಡಿದರು. ಸೋಮವಾರ, ಬುಧವಾರ, ಶುಕ್ರವಾರ ಸಂಜೆ ಆರರಿಂದ ಏಳು. ಆರು ಸಾವಿರದಲ್ಲಿ ಬಾರದ ಖರ್ಚುಗಳು ಒಂದೊಂದೇ ಕಾಣತೊಡಗಿದವು. ಊಟದ ಮೇಜು ಆ ಒಂದು ಗಂಟೆ ನಮ್ಮದಲ್ಲ. ಟಿ.ವಿ. ಬಂದ್, ಹಾಗಾಗಿ ಅಮ್ಮನ ಧಾರಾವಾಹಿಯಲ್ಲಿ ವಾರಕ್ಕೆ ಮೂರು ಕಂತು ಖೋತಾ, ಅತ್ತೆ ಸೊಸೆ ಯಾವಾಗ ರಾಜಿಯಾದರು ಅಂತ ಅವರಿಗೆ ಗೊತ್ತೇ ಆಗಲಿಲ್ಲ. ಕುಕ್ಕರ್ ಕೂಗಿಸುವ ಹಾಗಿಲ್ಲ. ಮನೆಯೊಳಗೆ ಪಂಚೆ ಎತ್ತಿ ಕಟ್ಟುವ ಹಾಗಿಲ್ಲ. ಒಂದು ಒಳ್ಳೆ ಕುರ್ಚಿ ಬೇಕಾಯಿತು, ಒಂದು ಬಿಳಿ ಬೋರ್ಡು ಬೇಕಾಯಿತು. ಬರಿ ಕಾಫಿ ಕೊಟ್ಟರೆ ಚೆನ್ನಾಗಿರಲ್ಲ ಅಂತ ಮೂರನೇ ವಾರದಿಂದ ತಿಂಡಿ ಸೇರಿತು. ಒಗ್ಗರಣೆ ಅವಲಕ್ಕಿ, ಕೋಡುಬಳೆ, ಒಮ್ಮೊಮ್ಮೆ ನಿಪ್ಪಟ್ಟು. ಆಫೀಸಿಂದ ಬೇಗ ಬಂದರೆ ನನಗೂ ಒಂದು ತಟ್ಟೆ ಸಿಗುತ್ತಿತ್ತು, ಇಷ್ಟು ವರ್ಷ ಇಲ್ಲದ ಭಾಗ್ಯ. ಇದನ್ನು ಆದಾಯದ ಕಡೆಗೆ ಬರೆದುಕೊಂಡೆ.

ಅಡುಗೆಮನೆಯಲ್ಲಿ ನಿಂತು ಅವಲಕ್ಕಿ ತಿನ್ನುತ್ತಾ ಪಾಠಕ್ಕೆ ಕಿವಿಗೊಡುವುದು ಅಭ್ಯಾಸವಾಯಿತು. ಒಂದು ದಿನ ಅದೇ ಪ್ರಶ್ನೆ ಬಂತು, ಮೈನಸ್ ಇಂಟು ಮೈನಸ್. ನಾನು ಚಮಚ ಕೆಳಗಿಟ್ಟೆ. ‘ನಿನ್ನ ಮೇಲೆ ಐವತ್ತು ರೂಪಾಯಿಯ ಮೂರು ಸಾಲ ಇದೆ ಅಂದ್ಕೋ’ ಎಂದರು ಮಿಸ್. ‘ಸಾಲ ಅಂದರೆ ಮೈನಸ್ ಐವತ್ತು. ಯಾರೋ ಬಂದು ಆ ಮೂರೂ ಸಾಲ ಹೊಡೆದುಹಾಕಿದರು. ತೆಗೆದುಹಾಕೋದು ಮೈನಸ್ ಮೂರು. ಈಗ ನಿನಗೆ ಎಷ್ಟು ಲಾಭ?’ ಮಗಳು ‘ನೂರೈವತ್ತು’ ಎಂದಳು. ಸ್ವಲ್ಪ ತಡೆದು, ‘ಓ!’ ಎಂದಳು. ಅಡುಗೆಮನೆಯಲ್ಲಿ ನಾನೂ ಓ ಎಂದೆ, ಒಳಗೊಳಗೇ. ಇಪ್ಪತ್ತು ವರ್ಷ ಸಾಲ ವಜಾ ಮಾಡಿದ ಎಂಟ್ರಿ ಬರೆದಿದ್ದೇನೆ, ಒಂದು ದಿನವೂ ಇದು ಹೊಳೆದಿರಲಿಲ್ಲ.

ಆದರೆ ನಿಜ ಹೇಳಬೇಕೆಂದರೆ ನಾನು ಬೆರಗಾಗಿದ್ದು ಈ ಜಾಣತನಕ್ಕಲ್ಲ. ಇನ್ನೊಂದು ದಿನ ಮಗಳು ಒಂದೇ ಲೆಕ್ಕವನ್ನು ಮತ್ತೆ ಮತ್ತೆ ತಪ್ಪು ಮಾಡಿದಳು, ಅದೇ ಜಾಗದಲ್ಲಿ, ಅದೇ ಚಿಹ್ನೆ. ಪ್ರತಿ ಸಲವೂ ಮಿಸ್ ‘ಪರವಾಗಿಲ್ಲ, ಇನ್ನೊಂದ್ಸಲ ಮಾಡು’ ಎಂದರು. ನಾನು ಎಣಿಸಿದೆ, ಹನ್ನೊಂದು ಸಲ. ಹನ್ನೊಂದನೆಯ ಪರವಾಗಿಲ್ಲ ಮೊದಲನೆಯದರಷ್ಟೇ ತಣ್ಣಗಿತ್ತು. ನನ್ನ ಹತ್ತಿರ ಪರವಾಗಿಲ್ಲಗಳ ಸ್ಟಾಕು ಎರಡಕ್ಕೆ ಮುಗಿಯುತ್ತದೆ, ಸ್ವಂತ ಮಗಳಿಗಂತೂ ಒಂದೂವರೆ. ಈ ಐನೂರರಲ್ಲಿ ಗಣಿತದ ಪಾಲು ಕಡಿಮೆ, ನನ್ನ ಮಗಳ ಮೇಲೆ ಸಿಟ್ಟಾಗದೆ ಇರುವುದಕ್ಕೇ ಹೆಚ್ಚಿನ ಪಾಲು ಅಂತ ಅವತ್ತು ಅನ್ನಿಸಿತು. ಅವಳು ಮಿಸ್ ಮಗಳಲ್ಲ, ಅದೇ ಅನುಕೂಲ. ಅವಳು ಫೇಲಾದರೆ ಅವರ ಮಾನ ಹೋಗುವುದಿಲ್ಲ, ಅವರ ಓರಗಿತ್ತಿಯ ಮಗ 625ಕ್ಕೆ 600 ತೆಗೆದಿಲ್ಲ, ಪ್ರತಿ ಮೇ ತಿಂಗಳು ಪೇಪರಿನಲ್ಲಿ ಬರುವ ಪೂರ್ತಿ 625ರ ಮಕ್ಕಳ ಫೋಟೊ ನೋಡಿ ಅವರ ಹೊಟ್ಟೆಯಲ್ಲಿ ಏನೂ ಆಗುವುದಿಲ್ಲ.

2025ರ ಕೇಂದ್ರ ಸರ್ಕಾರದ ಶಿಕ್ಷಣ ಸಮೀಕ್ಷೆಯ ಸುದ್ದಿ ಓದಿದೆ. ದೇಶದಲ್ಲಿ ನೂರಕ್ಕೆ 27 ವಿದ್ಯಾರ್ಥಿಗಳು ಟ್ಯೂಷನ್ನಿಗೆ ಹೋಗುತ್ತಾರಂತೆ. ನಗರದಲ್ಲಿ ಒಬ್ಬ ವಿದ್ಯಾರ್ಥಿಯ ಟ್ಯೂಷನ್ನಿಗೆ ವರ್ಷಕ್ಕೆ ಸರಾಸರಿ 3,988 ರೂಪಾಯಿ ಖರ್ಚು. ನಮ್ಮ ಮನೆಯಲ್ಲಿ ಅದು ಎಂಟೇ ಕ್ಲಾಸಿಗೆ ಖಾಲಿ. ‘ಟ್ಯೂಷನ್ನಿಗೆ ಹೋಗದವರನ್ನೂ ಸೇರಿಸಿ ಭಾಗಿಸಿರಬೇಕು ಬಿಡಿ’ ಎಂದಳು ಹೆಂಡತಿ. ನಮ್ಮ ಮನೆಯಲ್ಲಿ ಅಕೌಂಟೆಂಟ್ ಯಾರು ಅನ್ನೋದು ಹೀಗೆ ಆಗಾಗ ತೀರ್ಮಾನವಾಗುತ್ತಿರುತ್ತದೆ.

ಮಿಸ್ ಕಡೆಯ ಲೆಕ್ಕ ನನಗೆ ತಿಳಿದದ್ದು ಮಳೆ ಬಂದ ಒಂದು ಸಂಜೆ, ಅವರು ಹೊರಡಲಾಗದೆ ಕೂತಾಗ. ಗಂಟೆಗೆ ಐನೂರು ಅಂದರೆ ಜಾಸ್ತಿ ಅನ್ನಿಸುತ್ತದೆ ಅಲ್ವಾ? ಸುಂಕದಕಟ್ಟೆಯಿಂದ ಮಾಗಡಿ ರಸ್ತೆ ದಾಟಿ ಬರಲು ಮುಕ್ಕಾಲು ಗಂಟೆ, ಮಳೆಯಾದರೆ ಒಂದೂಕಾಲು. ಪೆಟ್ರೋಲು ಅವರದೇ. ಒಂದು ಮನೆಯಿಂದ ಇನ್ನೊಂದು ಮನೆಗೆ ಹೋಗುವ ಹೊತ್ತಿಗೆ ಯಾರೂ ಕಾಸು ಕೊಡುವುದಿಲ್ಲ. ಏಪ್ರಿಲ್, ಮೇ ಎರಡು ತಿಂಗಳು ಸಂಪಾದನೆ ಸೊನ್ನೆ. ಇನ್ನು ನಡುವೆ ‘ಇವತ್ತು ಬೇಡ ಮಿಸ್, ನೆಂಟರು ಬಂದಿದ್ದಾರೆ’ ಅನ್ನುವ ಫೋನು. ಅದೂ ಅವರು ಅರ್ಧ ದಾರಿ ಬಂದಿರುವಾಗ. ‘ಕೆಲವರು ಗೇಟಲ್ಲೇ ಹೇಳ್ತಾರೆ ಸಾರ್’ ಅಂತ ನಕ್ಕರು. ನಾನೂ ನಕ್ಕೆ. ಹಿಂದಿನ ವಾರ ಗೇಟಲ್ಲಿ ಹೇಳಿದ್ದು ನಾವೇ.

ಮಾರ್ಚ್ ಪರೀಕ್ಷೆ ಮುಗಿದು ರಿಸಲ್ಟ್ ಬಂತು. ಟ್ಯೂಷನ್ನಿಗೆ ಮೊದಲು ಗಣಿತದಲ್ಲಿ ನೂರಕ್ಕೆ 41, ಈಗ 67. ನನ್ನ ಚಟ ಬಿಡಬೇಕಲ್ಲ. ಜುಲೈಯಿಂದ ಫೆಬ್ರವರಿವರೆಗೆ ಕೊಟ್ಟದ್ದು 46,000. ಹೆಚ್ಚಾದ 26 ಅಂಕದಿಂದ ಭಾಗಿಸಿದರೆ ಒಂದು ಅಂಕಕ್ಕೆ 1,769 ರೂಪಾಯಿ ಚಿಲ್ಲರೆ. ಚಿನ್ನದ ರೇಟು ಹೇಳುವ ಹಾಗೆ ಜೋರಾಗಿ ಹೇಳಿದೆ. ಹೆಂಡತಿ ಪಾತ್ರೆ ತೊಳೆಯುತ್ತಲೇ ಕೇಳಿದಳು: ‘ಎಂಟು ತಿಂಗಳಿಗೆ ನಲವತ್ತೆಂಟಾಗಬೇಕಲ್ಲ. ಎರಡು ಸಾವಿರ ಎಲ್ಲಿ?’

ಅದು ದಸರೆಯದ್ದು. ರಜೆಗೆ ನಾವು ಊರಿಗೆ ಹೋಗಿದ್ದೆವು, ನಾಲ್ಕು ಕ್ಲಾಸು ತಪ್ಪಿತ್ತು. ಆ ತಿಂಗಳ ಕೊನೆಗೆ ನಾನು ನಾಲ್ಕೇ ಸಾವಿರ ಕಳಿಸಿದ್ದೆ. ಹೆಂಡತಿಗೆ ಹೇಳಿರಲಿಲ್ಲ. ಕ್ಲಾಸೇ ಆಗಿಲ್ಲ, ದುಡ್ಡು ಯಾಕೆ ಅನ್ನುವುದು ಆಗ ತೀರಾ ನ್ಯಾಯವಾಗಿ ಕಂಡಿತ್ತು. ಊರಿಗೆ ಹೊರಟವರು ನಾವು. ಅವರಲ್ಲ. ನನ್ನ ಆಫೀಸಿನಲ್ಲಿ ವಿಜಯದಶಮಿಗೆ ಸಂಬಳ ಹಿಡಿದರೆ ನಾನು ಬೀದಿಗಿಳಿಯುತ್ತಿದ್ದೆ. ಮಿಸ್ ಮಾತ್ರ ಏನೂ ಕೇಳಲಿಲ್ಲ, ಆ ಪುಟ್ಟ ನೋಟ್‌ಬುಕ್ಕಿನಲ್ಲಿ 4,000 ಅಂತ ಬರೆದುಕೊಂಡು ‘ಹಬ್ಬ ಚೆನ್ನಾಯ್ತಾ’ ಎಂದಿದ್ದರು.

ಅದು ಎರಡೂವರೆ ತಿಂಗಳು ಗಂಟಲಲ್ಲಿ ಸಿಕ್ಕಿಕೊಂಡಿತ್ತು. ಸಂಕ್ರಾಂತಿಗೆ ಎಳ್ಳುಬೆಲ್ಲದ ಪೊಟ್ಟಣದ ಜೊತೆ ಒಂದು ಕವರಿನಲ್ಲಿ ಎರಡು ಸಾವಿರ ಇಟ್ಟು ಕೊಟ್ಟೆ. ಫೋನ್‌ಪೇ ಮಾಡಬಹುದಿತ್ತು, ಆದರೆ ಅದರಲ್ಲಿ ಕಾರಣ ಬರೆಯುವ ಜಾಗ ಇರುತ್ತದೆ. ಮಿಸ್ ಕವರು ತೆರೆದರು, ಎಣಿಸಿದರು, ನನ್ನ ಮುಖ ನೋಡಿದರು.

‘ಇದು ಫೆಬ್ರವರಿ ಅಡ್ವಾನ್ಸಾ ಸಾರ್?’

ದಸರೆಯದ್ದು ಅಂತ ಹೇಳಲು ಬಾಯಿ ತೆರೆದೆ. ಮಗಳು ಎದುರಿಗೇ ಕೂತಿದ್ದಳು.

‘ಹೌದು ಮಿಸ್’ ಎಂದೆ.

ಅವರು ನೋಟ್‌ಬುಕ್ ತೆಗೆದು ಸ್ಕೇಲ್ ಇಟ್ಟು ಗೆರೆ ಎಳೆದು ಬರೆದುಕೊಂಡರು. ಫೆಬ್ರವರಿ ಕೊನೆಗೆ ಮೆಸೇಜ್ ಬಂತು: ‘ಅಡ್ವಾನ್ಸ್ ಕಳೆದು ನಾಲ್ಕು ಸಾವಿರ ಸಾರ್.’ ಕಳಿಸಿದೆ.